ದೂರದೃಷ್ಟಿ, ಮುಂದಾಲೋಚನೆ, ಮುನ್ನೆಚ್ಚರಿಕೆ: ಮುಂಬಯಿಯ ನೀರಿನಲ್ಲಿ ಕಾಣುವ ವ್ಯತ್ಯಾಸಗಳು

ಮುಂಬಯಿಯ ಕನ್ನಡ ಸಂಘ ಸಂಸ್ಥೆಗಳ ಸನ್ಮಾನ ಪತ್ರಗಳಲ್ಲಿ ಮತ್ತು ಸ್ಮರಣ ಸಂಚಿಕೆಗಳ ಮುನ್ನುಡಿಗಳಲ್ಲಿ ‘ದೂರದೃಷ್ಟಿ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಸಂಸ್ಥೆ ಕಟ್ಟಿದ ಹಿರಿಯರಿಗೆ, ಹೋಟೆಲ್ ಉದ್ಯಮದಲ್ಲಿ ಹೆಸರು ಮಾಡಿದವರಿಗೆ, ಸಭಾಂಗಣಕ್ಕೆ ದೇಣಿಗೆ ಕೊಟ್ಟವರಿಗೆ, ಎಲ್ಲರಿಗೂ ಅದೇ ವಿಶೇಷಣ ಸಲ್ಲುತ್ತದೆ. ಹೀಗೆ ಎಲ್ಲ ಕಡೆಯೂ ಸಲ್ಲಿಸಿದಾಗ ಪದದ ಅರ್ಥ ಸವೆದು, ‘ಒಳ್ಳೆಯವರು’ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳದಂತಾಗುತ್ತದೆ. ಆದರೆ ಇದು ಬಹಳ ನಿರ್ದಿಷ್ಟವಾದ, ಅಪರೂಪದ ಒಂದು ಗುಣವನ್ನು ಸೂಚಿಸುವ ಪದ. ಅದರ ಆಸುಪಾಸಿನಲ್ಲಿರುವ ಮುಂದಾಲೋಚನೆ, ಮುನ್ನೋಟ, ಮುನ್ಸೂಚನೆ, ಮುನ್ನೆಚ್ಚರಿಕೆ, ಮುಂಜಾಗ್ರತೆ, ಸಮಯಸ್ಫೂರ್ತಿ, ವಿವೇಕ ಇವೆಲ್ಲ ಒಂದೇ ಅರ್ಥದ ಬೇರೆ ಬೇರೆ ರೂಪಗಳಲ್ಲ. ಒಂದೊಂದಕ್ಕೂ ತನ್ನದೇ ಆದ ಎಲ್ಲೆಯಿದೆ.

ದೂರದೃಷ್ಟಿಯೆಂದರೆ ಇನ್ನೂ ಕಣ್ಣೆದುರಿಗೆ ಬಾರದ ಪರಿಣಾಮವನ್ನು ಇಂದಿನ ಲಕ್ಷಣಗಳಿಂದಲೇ ಗುರುತಿಸಿ, ಅದು ಎಷ್ಟು ಗಂಭೀರವೆಂದು ತೂಗಿ ನೋಡಿ, ಅದಕ್ಕೆ ತಕ್ಕಂತೆ ಇಂದೇ ನಡೆದುಕೊಳ್ಳುವ ಗುಣ. ಇದರಲ್ಲಿ ಕಾಣುವುದು, ತೂಗುವುದು, ನಡೆದುಕೊಳ್ಳುವುದು ಎಂಬ ಮೂರು ಕೆಲಸಗಳು ಸೇರಿವೆ. ಮೊದಲನೆಯದು ಮಾತ್ರ ಇದ್ದರೆ ಅದು ಊಹೆ. ಮೊದಲ ಎರಡು ಇದ್ದು ಮೂರನೆಯದು ಇಲ್ಲದಿದ್ದರೆ ಅದು ಒಳ್ಳೆಯ ವರದಿಯಾದೀತೇ ಹೊರತು ದೂರದೃಷ್ಟಿಯಾಗದು. ನೇತ್ರವೈದ್ಯರು ಹೇಳುವ ‘ದೂರದೃಷ್ಟಿ ದೋಷ’ ಬೇರೆ. ದೂರದ್ದು ಕಂಡು ಹತ್ತಿರದ್ದು ಮಸುಕಾಗುವ ಆ ತೊಂದರೆಗೂ ಈ ಗುಣಕ್ಕೂ ಸಂಬಂಧವಿಲ್ಲ. ಇಲ್ಲಿ ದೂರವೆಂಬುದು ಕಾಲದ ಮಾತು, ಮತ್ತು ದೂರವನ್ನು ಕಾಣುವವನು ಹತ್ತಿರದ್ದನ್ನೂ ಸರಿಯಾಗಿ ಕಂಡಿರಲೇಬೇಕು.

ಈ ಮೂರನೆಯ ಅಂಶ, ಅಂದರೆ ನಡೆದುಕೊಳ್ಳುವಿಕೆ, ಎಷ್ಟು ಮುಖ್ಯವೆಂಬುದನ್ನು ನಮ್ಮ ಪರಂಪರೆ ಬಹಳ ಹಿಂದೆಯೇ ಗುರುತಿಸಿತ್ತು. ಪಂಚತಂತ್ರ, ಹಿತೋಪದೇಶಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಬರುವ ಮೂರು ಮೀನುಗಳ ಕಥೆಯಲ್ಲಿ ಮೀನುಗಳ ಹೆಸರುಗಳೇ ಒಂದು ಸಣ್ಣ ನಿಘಂಟಿನಂತಿವೆ: ಅನಾಗತವಿಧಾತೃ, ಪ್ರತ್ಯುತ್ಪನ್ನಮತಿ, ಯದ್ಭವಿಷ್ಯ. ನಾಳೆ ಬಂದು ಈ ಕೆರೆಯಲ್ಲಿ ಬಲೆ ಬೀಸೋಣವೆಂದು ಬೆಸ್ತರು ಆಡಿಕೊಂಡ ಮಾತಿನ ಸುದ್ದಿ ಮೂರು ಮೀನುಗಳಿಗೂ ತಿಳಿಯುತ್ತದೆ. ಮೊದಲನೆಯದು ಅಂದೇ ಬೇರೆ ನೀರಿಗೆ ಹೋಗುತ್ತದೆ. ಎರಡನೆಯದು ಉಳಿದುಕೊಂಡು, ಬಲೆಗೆ ಬಿದ್ದಾಗ ಸತ್ತಂತೆ ನಟಿಸಿ ಪಾರಾಗುತ್ತದೆ. ಆಗುವುದು ಆಗಿಯೇ ತೀರುತ್ತದೆ ಎಂದು ಕುಳಿತ ಮೂರನೆಯದು ಸಾಯುತ್ತದೆ. ಮೂವರಿಗೂ ದೊರೆತ ಸುದ್ದಿ ಒಂದೇ ಆಗಿತ್ತೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮೊದಲ ಮೀನಿಗೆ ಹೆಚ್ಚಿನ ಜ್ಞಾನವೇನೂ ಇರಲಿಲ್ಲ, ದಿವ್ಯದೃಷ್ಟಿಯಂತೂ ಇರಲೇ ಇಲ್ಲ. ಅದರ ಹೆಸರೂ ‘ಬರಲಿರುವುದನ್ನು ಕಂಡವನು’ ಎಂದಲ್ಲ, ‘ಬರಲಿರುವುದಕ್ಕೆ ಈಗಲೇ ವ್ಯವಸ್ಥೆ ಮಾಡುವವನು’ ಎಂದು. ಎರಡನೆಯ ಮೀನಿನ ಗುಣಕ್ಕೆ ಕನ್ನಡದಲ್ಲಿ ಸಮಯಸ್ಫೂರ್ತಿ, ಸಮಯಪ್ರಜ್ಞೆ ಎಂಬ ಪದಗಳಿವೆ. ಆಪತ್ತು ಮೈಮೇಲೆ ಬಂದ ಗಳಿಗೆಯಲ್ಲಿ ಹೊಳೆಯುವ ಬುದ್ಧಿ ಅದು. ಮೆಚ್ಚತಕ್ಕ ಗುಣವೇ, ಆದರೆ ಅದನ್ನು ದೂರದೃಷ್ಟಿಯೆಂದು ಕರೆಯುವುದು ತಪ್ಪು, ಏಕೆಂದರೆ ದೂರದೃಷ್ಟಿ ಇದ್ದ ಕಡೆ ಆ ಗಳಿಗೆಯೇ ಬರುತ್ತಿರಲಿಲ್ಲ.

ಭವಿಷ್ಯವಾಣಿಯ ಜೊತೆಗಿರುವ ವ್ಯತ್ಯಾಸವನ್ನೂ ಇಲ್ಲಿಯೇ ಹೇಳಿಬಿಡಬಹುದು. ಭರತ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರಣಿಕವನ್ನು ನುಡಿಯುತ್ತಾರೆ. ಆ ಸಾಲನ್ನು ಮಳೆ ಬೆಳೆಗೂ ರಾಜಕೀಯಕ್ಕೂ ಅನ್ವಯಿಸಿ ಜನ ಅರ್ಥ ಹೇಳಿಕೊಳ್ಳುತ್ತಾರೆ. ಕಣಿ, ಶಕುನ, ಕಾಲಜ್ಞಾನ ಇವೆಲ್ಲ ಈ ಬಳಗಕ್ಕೆ ಸೇರಿದವು. ಇವುಗಳಿಗೆ ನಂಬಿಕೆ ಆಧಾರ. ದೂರದೃಷ್ಟಿಗೆ ಕಾರಣ ಮತ್ತು ಕಾರ್ಯಗಳ ತಿಳಿವಳಿಕೆ ಆಧಾರ. ಭವಿಷ್ಯ ನುಡಿದವರನ್ನು ‘ಹೇಗೆ ಗೊತ್ತಾಯಿತು?’ ಎಂದು ಕೇಳುವ ಪದ್ಧತಿಯಿಲ್ಲ, ದೂರದೃಷ್ಟಿಯುಳ್ಳವರು ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರಾಗಿರಬೇಕು.

ಉಳಿದ ಪದಗಳ ಗಡಿಗಳು ಸ್ಪಷ್ಟವಾಗಬೇಕಾದರೆ ಈ ನಗರದ ನೀರಿನ ಕಥೆಯನ್ನು ನೋಡುವುದು ಒಳ್ಳೆಯದು. ಬೇರೆ ಯಾವ ವಿಷಯದಲ್ಲಿಯೂ ಈ ಎಲ್ಲ ಪದಗಳಿಗೆ ಇಷ್ಟು ಹತ್ತಿರ ಹತ್ತಿರದಲ್ಲಿ ಉದಾಹರಣೆ ಸಿಗಲಾರದು.

2005ರ ಜುಲೈ 26ರಂದು ಆರಂಭವಾದ ಮಳೆ 24 ಗಂಟೆಗಳಲ್ಲಿ ಸಾಂತಾಕ್ರೂಜ್‌ನ ಹವಾಮಾನ ಕೇಂದ್ರದಲ್ಲಿ 944 ಮಿಲಿಮೀಟರ್ ದಾಖಲಾಯಿತು. ಅದೇ ಅವಧಿಯಲ್ಲಿ ದಕ್ಷಿಣದ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್. ಅದೇ ದಕ್ಷಿಣ ಭಾಗದ ಕೋಟೆ (ಫೋರ್ಟ್) ಪ್ರದೇಶದ ಕಚೇರಿಯಲ್ಲಿ ಕುಳಿತವರಿಗೆ ಉತ್ತರದ ಕುರ್ಲಾ, ಕಲೀನಾ, ಸಾಕಿನಾಕಾಗಳಲ್ಲಿ ಏನಾಗುತ್ತಿದೆಯೆಂಬುದರ ಕಲ್ಪನೆಯೇ ಇರಲಿಲ್ಲ. ಎಂದಿನ ಲೋಕಲ್ ಹಿಡಿದು ಹೊರಟವರು ನಡುದಾರಿಯಲ್ಲಿ ಸಿಲುಕಿ, ಹಳಿಗಳ ಮೇಲೆ ಎದೆಯೆತ್ತರದ ನೀರಿನಲ್ಲಿ ನಡೆದರು. ಅಂದು ಮಧ್ಯಾಹ್ನ ಸುಮಾರು ನಾಲ್ಕೂವರೆ ಮೀಟರ್ ಎತ್ತರದ ಕಡಲುಬ್ಬರವೂ ಇದ್ದುದರಿಂದ ನೀರಿಗೆ ಹೊರಹೋಗುವ ದಾರಿಯಿರಲಿಲ್ಲ.

ಇಲ್ಲಿ ಎರಡು ಬಗೆಯ ತಿಳಿವಳಿಕೆಗಳನ್ನು ಬೇರೆ ಮಾಡಿ ನೋಡಬೇಕು. ಉಬ್ಬರದ ಹೊತ್ತು ಮತ್ತು ಎತ್ತರ ಚಂದ್ರ ಸೂರ್ಯರ ಗತಿಯನ್ನು ಅವಲಂಬಿಸಿರುವುದರಿಂದ ಅದನ್ನು ಬಹಳ ಮೊದಲೇ ಲೆಕ್ಕ ಹಾಕಿಡಬಹುದು. ಮಳೆಗಾಲ ಶುರುವಾಗುವ ಮುನ್ನವೇ ನಾಲ್ಕೂವರೆ ಮೀಟರನ್ನು ಮೀರುವ ಉಬ್ಬರದ ದಿನಗಳ ಪಟ್ಟಿ ಪ್ರತಿವರ್ಷವೂ ಪತ್ರಿಕೆಗಳಲ್ಲಿ ಬರುತ್ತದೆ. ಇದು ಗಣನೆ. ಮೋಡ ಎಲ್ಲಿ, ಯಾವಾಗ, ಎಷ್ಟು ಸುರಿಯುತ್ತದೆಂಬುದನ್ನು ಹೀಗೆ ಹೇಳಲಾಗದು. ಅಲ್ಲಿ ಸಾಧ್ಯವಿರುವುದು ಸಾಧ್ಯತೆಯ ಅಂದಾಜು ಮಾತ್ರ, ಅದನ್ನೇ ನಾವು ಮುನ್ಸೂಚನೆ ಎನ್ನುತ್ತೇವೆ. ಭಾರಿ ಮಳೆಯ ಸಂಭವವನ್ನು ಮುನ್ಸೂಚನೆ ತಿಳಿಸಬಲ್ಲದಾಗಿತ್ತು, ಒಂದೇ ದಿನದಲ್ಲಿ 944 ಮಿಲಿಮೀಟರ್ ಬೀಳುತ್ತದೆಂದು ಯಾರೂ ಹೇಳಿರಲಿಲ್ಲ. ಆಮೇಲೆ ಮಳೆಮೋಡಗಳ ಚಲನೆಯನ್ನು ತೋರಿಸುವ ಡಾಪ್ಲರ್ ರೇಡಾರ್‌ಗಳೂ ನಗರದುದ್ದಕ್ಕೂ ಮಳೆಮಾಪಕಗಳೂ ಬಂದವು. ಆದರೂ ಮುನ್ಸೂಚನೆ ಒಂದು ಸುದ್ದಿಯಷ್ಟೇ. ಬೆಸ್ತರು ಕೆರೆಯ ದಡದಲ್ಲಿ ಆಡಿದ ಮಾತಿಗೂ ಅದಕ್ಕೂ ಈ ಮಟ್ಟಿಗೆ ವ್ಯತ್ಯಾಸವಿಲ್ಲ.

ಆ ಸುದ್ದಿಯೊಡನೆ ‘ಇಂತಹ ಅಪಾಯವಿದೆ, ಇದನ್ನು ಮಾಡಿ, ಇದನ್ನು ಮಾಡಬೇಡಿ’ ಎಂಬ ಸೂಚನೆ ಸೇರಿದಾಗ ಅದು ಮುನ್ನೆಚ್ಚರಿಕೆಯಾಗುತ್ತದೆ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಬಣ್ಣದ ಸಂಕೇತಗಳು ಈ ಕೆಲಸ ಮಾಡುತ್ತವೆ. ಅದನ್ನು ಕೇಳಿದವನು ತನ್ನ ಮಟ್ಟಿಗೆ ಮಾಡಿಕೊಳ್ಳುವ ಏರ್ಪಾಡು ಮುಂಜಾಗ್ರತೆ. ಪತ್ರಿಕೆಗಳಲ್ಲಿ ‘ಮುನ್ನೆಚ್ಚರಿಕೆ ಕ್ರಮ’ ಎಂದೂ ‘ಮುಂಜಾಗ್ರತಾ ಕ್ರಮ’ ಎಂದೂ ಒಂದೇ ಅರ್ಥದಲ್ಲಿ ಬರೆಯುವುದು ರೂಢಿಯಾಗಿದೆ, ಅದನ್ನು ತಪ್ಪೆನ್ನಲಾಗದು. ಆದರೆ ಎಚ್ಚರಿಕೆಯನ್ನು ಒಬ್ಬರು ಮತ್ತೊಬ್ಬರಿಗೆ ಕೊಡಬಹುದು, ಜಾಗ್ರತೆಯನ್ನು ಅವರವರೇ ವಹಿಸಬೇಕು ಎಂಬ ಸೂಕ್ಷ್ಮವನ್ನು ಉಳಿಸಿಕೊಂಡರೆ ಬರಹ ಸ್ಪಷ್ಟವಾಗುತ್ತದೆ.

ಮುಂಜಾಗ್ರತೆಯನ್ನು ಕಣ್ಣಾರೆ ನೋಡಬೇಕೆಂದರೆ ಜೂನ್ ಮೊದಲ ವಾರದಲ್ಲಿ ದಾದರ್ ಮತ್ತು ಪರೇಲ್ ನಡುವಿನ ಹಿಂದ್‌ಮಾತಾದ ತಗ್ಗಿನಲ್ಲಿ ನಡೆದು ಬರಬೇಕು. ಅಂಗಡಿಯ ಹೊಸ್ತಿಲಿಗೆ ಅಡ್ಡಲಾಗಿ ಇಟ್ಟಿಗೆ ಸಿಮೆಂಟಿನ ಕಟ್ಟೆ, ಕೆಳಗಿನ ಎರಡು ಹಲಗೆಗಳನ್ನು ಖಾಲಿ ಬಿಟ್ಟು ಮೇಲಕ್ಕೇರಿಸಿದ ಬಟ್ಟೆಯ ಥಾನುಗಳು, ಗೋಡೆಯಲ್ಲಿ ಭುಜದೆತ್ತರಕ್ಕೆ ಸರಿಸಿದ ಸ್ವಿಚ್ ಬೋರ್ಡ್, ಹಳೆಯ ಸ್ವಿಚ್ ಇದ್ದ ಜಾಗದಲ್ಲಿ ಬಣ್ಣ ಕೂಡದೆ ಉಳಿದ ಚೌಕ. ಲೆಕ್ಕದ ಪುಸ್ತಕಗಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅಟ್ಟದ ಮೇಲೆ ಕುಳಿತಿರುತ್ತವೆ. ಅನುಭವದಿಂದ ಬಂದ ಈ ಏರ್ಪಾಡುಗಳಲ್ಲಿ ಬಹಳ ಬುದ್ಧಿಯಿದೆ, ಅವುಗಳ ಬಗ್ಗೆ ನನಗೆ ಗೌರವವೂ ಇದೆ. ಆದರೆ ಅವು ನೀರು ಬಂದೇ ಬರುತ್ತದೆಂದು ಒಪ್ಪಿಕೊಂಡು ಮಾಡಿದವು. ನೀರು ಅಲ್ಲಿ ನಿಲ್ಲುವುದಾದರೂ ಏಕೆ ಎಂಬ ಪ್ರಶ್ನೆ ಅಂಗಡಿಯವನ ಕೈಮೀರಿದ್ದು. ಮುಂಜಾಗ್ರತೆ ಪರಿಣಾಮದಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ. ದೂರದೃಷ್ಟಿ ಕಾರಣದ ಕಡೆಗೆ ಹೋಗುತ್ತದೆ. ಪಾಲಿಕೆಯು ಹಿಂದ್‌ಮಾತಾದ ನೀರನ್ನು ಹಿಡಿದಿಡಲು ದಾದರ್ ಮತ್ತು ಪರೇಲ್‌ನ ಮೈದಾನಗಳ ಅಡಿಯಲ್ಲಿ ದೊಡ್ಡ ತೊಟ್ಟಿಗಳನ್ನು ಕಟ್ಟಿಸಿದ್ದು ಇತ್ತೀಚಿನ ವರ್ಷಗಳಲ್ಲಿ, ಅಂದರೆ ಅಲ್ಲಿನ ಜನ ಹಲವು ದಶಕಗಳ ಕಾಲ ಕಟ್ಟೆ ಕಟ್ಟಿಕೊಂಡು ಬದುಕಿದ ಮೇಲೆ.

ಮುನ್ನೋಟಕ್ಕೂ ದೂರದೃಷ್ಟಿಗೂ ಇರುವ ಅಂತರ ಇದಕ್ಕಿಂತ ನೋವಿನದು. ಮುಂಬಯಿಯ ಮಳೆನೀರಿನ ಹಳೆಯ ಕಾಲುವೆಗಳು ಗಂಟೆಗೆ ಸುಮಾರು 25 ಮಿಲಿಮೀಟರ್ ಮಳೆಯನ್ನು, ಅದೂ ಕಡಲು ಇಳಿದಿರುವಾಗ, ಸಾಗಿಸುವಂತೆ ರೂಪಿಸಲ್ಪಟ್ಟಿದ್ದವು. 1985ರ ನೆರೆಯ ನಂತರ ನಡೆದ ಅಧ್ಯಯನದ ಫಲವಾಗಿ 1993ರಲ್ಲಿ ‘ಬ್ರಿಮ್‌ಸ್ಟೋವಾಡ್’ (ಬೃಹನ್ಮುಂಬಯಿ ಮಳೆನೀರು ವಿಲೇವಾರಿ) ಎಂಬ ವರದಿ ಸಿದ್ಧವಾಯಿತು. ಈ ಸಾಮರ್ಥ್ಯವನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸಬೇಕು, ಉಬ್ಬರದ ಹೊತ್ತಿನಲ್ಲಿಯೂ ನೀರನ್ನು ಕಡಲಿಗೆ ಎತ್ತಿಹಾಕುವ ಪಂಪಿಂಗ್ ಸ್ಟೇಷನ್‌ಗಳು ಬೇಕು ಎಂದು ಅದು ಹೇಳಿತ್ತು. ಅಂದರೆ ರೋಗವನ್ನು ಗುರುತಿಸಲಾಗಿತ್ತು, ಮದ್ದನ್ನೂ ಬರೆಯಲಾಗಿತ್ತು. 2005ರ ವರೆಗೆ ಅದರಲ್ಲಿ ಹೆಚ್ಚಿನದೇನೂ ನಡೆಯಲಿಲ್ಲ. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್ ಮುಂತಾದ ಕಡೆಗಳಲ್ಲಿ ಪಂಪಿಂಗ್ ಸ್ಟೇಷನ್‌ಗಳು ಎದ್ದದ್ದು ಆ ದುರಂತದ ಬಳಿಕ. ಇದೇ ಅವಧಿಯಲ್ಲಿ ನಗರದೊಳಗೇ ಹರಿಯುವ ಮೀಠಿ ನದಿಯ ಪಾತ್ರ ಒತ್ತುವರಿಯಿಂದಲೂ ಬಾಂದ್ರಾ ಕುರ್ಲಾ ಪ್ರದೇಶದಲ್ಲಿ ತಗ್ಗು ನೆಲವನ್ನು ತುಂಬಿಸಿದ್ದರಿಂದಲೂ ಕಿರಿದಾಗುತ್ತ ಬಂದಿತ್ತು. ಮುನ್ನೋಟವೆಂದರೆ ಮುಂದೆ ಏನು ಬರಬಹುದೆಂಬುದರ ಚಿತ್ರ. 1993ರ ವರದಿ ಒಂದು ಒಳ್ಳೆಯ ಮುನ್ನೋಟವಾಗಿತ್ತು. ಆ ಚಿತ್ರವನ್ನು ಕಂಡವರಿಗೂ ಹಣ ಮಂಜೂರು ಮಾಡುವವರಿಗೂ ನಡುವೆ ದೂರದೃಷ್ಟಿ ಕೈಬಿಟ್ಟುಹೋಯಿತು. ‘ಕೋಟೆ ಸೂರೆಗೊಂಡ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆ ನಮ್ಮಲ್ಲಿ ಇರುವುದು ಇಂತಹುದಕ್ಕೇ.

ಆದರೂ ಒಂದು ನ್ಯಾಯದ ಮಾತನ್ನು ಹೇಳಲೇಬೇಕು. ಘಟನೆ ನಡೆದ ಮೇಲೆ ಎಲ್ಲವೂ ಮೊದಲೇ ಗೊತ್ತಾಗಬೇಕಿತ್ತೆಂದು ಅನ್ನಿಸುವುದು ಮನುಷ್ಯ ಸ್ವಭಾವ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎನ್ನುವಾಗ ನಾವು ಆ ಹಿನ್ನೋಟದ ಬುದ್ಧಿಯನ್ನೇ ಕುರಿತು ಹೇಳುತ್ತೇವೆ. ಗಂಟೆಗೆ 50 ಮಿಲಿಮೀಟರಿನ ಕಾಲುವೆಗಳಿದ್ದಿದ್ದರೂ ಅಂದಿನ ಮಳೆಯನ್ನು ಅವು ಪೂರ್ತಿಯಾಗಿ ಹೊರಗೆ ಹಾಕುತ್ತಿರಲಿಲ್ಲ. 944 ಮಿಲಿಮೀಟರ್ ಎಂಬ ಅಂಕಿಯನ್ನು ಕಾಣದಿದ್ದುದಕ್ಕೆ ಯಾರನ್ನೂ ದೂರಬಾರದು. ಕಂಡಿದ್ದ ಕೊರತೆಯನ್ನು ಹನ್ನೆರಡು ವರ್ಷ ಹಾಗೆಯೇ ಬಿಟ್ಟದ್ದು ಬೇರೆ ವಿಷಯ.

ಹಾಗಾದರೆ ದೂರದೃಷ್ಟಿ ಎಂಬ ಪದ ಪೂರ್ಣವಾಗಿ ಸಲ್ಲುವ ಉದಾಹರಣೆ ಈ ನಗರದಲ್ಲಿ ಇಲ್ಲವೇ? ಇದೆ, ಅದೂ ಮೀಠಿಯ ಮೂಲದಲ್ಲಿಯೇ ಇದೆ. 19ನೆಯ ಶತಮಾನದ ನಡುವಿನ ತನಕ ಮುಂಬಯಿ ಬಾವಿ ಮತ್ತು ಕೆರೆಗಳ ನೀರನ್ನೇ ನೆಚ್ಚಿಕೊಂಡಿತ್ತು. ಮಳೆ ಕೈಕೊಟ್ಟ ವರ್ಷ ಜನ ನೀರಿಗಾಗಿ ಪರದಾಡುತ್ತಿದ್ದರು. ಇಂಜಿನಿಯರ್ ಹೆನ್ರಿ ಕಾನಿಬೇರ್ ರೂಪಿಸಿದ ಯೋಜನೆಯಂತೆ 1856ರಲ್ಲಿ ಅಂದಿನ ಊರಿನ ಉತ್ತರಕ್ಕಿದ್ದ ಸಾಷ್ಟಿ (ಸಾಲ್ಸೆಟ್) ದ್ವೀಪದ ಗುಡ್ಡಗಳ ನಡುವೆ ವಿಹಾರ್ ಕೆರೆಯ ಕೆಲಸ ಆರಂಭವಾಗಿ 1860ರಲ್ಲಿ ಮುಗಿಯಿತು. ಊರಿನೊಳಗೆ ಇನ್ನಷ್ಟು ಬಾವಿಗಳನ್ನು ತೋಡುವುದು ಸುಲಭವಾಗಿತ್ತು, ಅಗ್ಗವೂ ಆಗಿತ್ತು. ಅದನ್ನು ಬಿಟ್ಟು ಊರಿನಿಂದ ಆಚೆಗೆ ಹೋಗಿ, ಮಳೆ ಬೀಳುವ ಗುಡ್ಡಗಳನ್ನು ಹುಡುಕಿ, ಅಲ್ಲಿಂದ ಕೊಳವೆಯಲ್ಲಿ ನೀರನ್ನು ತರುವ ನಿರ್ಧಾರದಲ್ಲಿ ಕಾಣುವುದು, ತೂಗುವುದು, ನಡೆದುಕೊಳ್ಳುವುದು ಮೂರೂ ಇದ್ದವು. ಆ ಕೆರೆ ಬಹಳ ಬೇಗ ಸಾಲದಾಯಿತು. 1879ರಲ್ಲಿ ತುಳಸಿ, 1892ರಲ್ಲಿ ದೂರದ ತಾನಸಾ ಬಂದವು, ಮುಂದಿನ ಶತಮಾನದಲ್ಲಿ ವೈತರಣಾ ಮತ್ತು ಭಾತ್ಸಾ. ಹೀಗೆ ಸಾಲದೆ ಹೋದದ್ದು ಮೊದಲಿನವರ ದೂರದೃಷ್ಟಿಯ ಸೋಲಲ್ಲ. ಎಂತಹ ದೂರದೃಷ್ಟಿಗೂ ಒಂದು ಅವಧಿಯಿದೆ, ಅದು ಮುಗಿಯುವ ಮುನ್ನ ಮುಂದಿನವರು ಮತ್ತೊಮ್ಮೆ ಮುಂದೆ ನೋಡಬೇಕಾಗುತ್ತದೆ. ವಿಹಾರ್ ಮತ್ತು ತುಳಸಿಯ ಸುತ್ತಲಿನ ಕಾಡನ್ನು ಕೆರೆಯ ಸಲುವಾಗಿ ಕಾಯ್ದುಕೊಂಡಿದ್ದು ಇನ್ನೊಂದು ಲಾಭ: ಇಂದಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಆ ಕಾಡು ಸೇರಿಕೊಂಡಿದೆ. ಅದೇ ವಿಹಾರ್ ಮತ್ತು ಪವಯಿ ಕೆರೆಗಳು ತುಂಬಿ ಹರಿದ ನೀರೇ ಮೀಠಿ ನದಿಯಾಗುತ್ತದೆ. ಬಾಯಾರಿಕೆಯನ್ನು ಮುಂಗಂಡವರು ಕೆರೆ ಕಟ್ಟಿದರು. ಆ ಕೆರೆಯ ಕೋಡಿಯ ನೀರು ಹರಿಯುವ ದಾರಿಯನ್ನು ಬಿಟ್ಟುಕೊಡಬೇಕೆಂಬುದು ನಂತರದವರಿಗೆ ಕಾಣಲಿಲ್ಲ.

ನೀರಿನಿಂದ ಆಚೆಗೂ ಇಂತಹ ನಿದರ್ಶನಗಳಿವೆ, ಅವು ನಮ್ಮ ಊರುಗಳ ಕಡೆಯಿಂದ ಬಂದವರಿಂದಲೇ ಆದವು. ಕೆನರಾದಿಂದ ಬಂದ ಚಿತ್ರಾಪುರ ಸಾರಸ್ವತರಲ್ಲಿ ಎಸ್. ಎಸ್. ತಲ್ಮಕಿಯವರು 1906ರಲ್ಲಿ ತಮ್ಮ ಗುರು ಶಾಮರಾವ್ ವಿಠಲ್ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. 1915ರಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘ ರೂಪುಗೊಂಡಿತು. ಬಾಡಿಗೆ ಏರಿದ ತಿಂಗಳು ಮಾಲೀಕನ ಜೊತೆ ಚೌಕಾಸಿ ಮಾಡುವುದು ಸಮಯಕ್ಕೆ ತಕ್ಕ ಬುದ್ಧಿ. ಬಾಡಿಗೆ ಏರುತ್ತಲೇ ಹೋಗುವ ನಗರವಿದು, ನೌಕರಿಗೆಂದು ಬಂದವರು ಮರಳಿ ಊರಿಗೆ ಹೋಗಲಾರರು ಎಂದು ತಿಳಿದು, ಒಬ್ಬೊಬ್ಬರಿಂದ ಆಗದ ಮನೆಯನ್ನು ಎಲ್ಲರೂ ಕೂಡಿ ಕಟ್ಟಿಕೊಂಡದ್ದು ದೂರದೃಷ್ಟಿ. ಹಗಲು ಹೋಟೆಲ್ ಮತ್ತು ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ತುಳುನಾಡಿನ ಸಮಾಜಗಳು ನಡೆಸಿದ ಕನ್ನಡ ರಾತ್ರಿಶಾಲೆಗಳನ್ನೂ ಇದೇ ಸಾಲಿಗೆ ಸೇರಿಸಬೇಕು. ಲೋಟ ತೊಳೆಯುವ ಹುಡುಗನಿಗೆ ಅಂದಿನ ಊಟ ಮತ್ತು ಮಲಗಲು ಜಾಗ ಸಿಕ್ಕರೆ ಸಾಕೆಂದು ಯೋಚಿಸಿದವರು ಕೆಟ್ಟವರೇನಲ್ಲ. ಅವನು ಮೂವತ್ತರ ವಯಸ್ಸಿನಲ್ಲಿ ಏನಾಗಿರುತ್ತಾನೆಂದು ಯೋಚಿಸಿದವರು ಮಾತ್ರ ಹೋಟೆಲಿನ ಕೆಲಸ ಮುಗಿದ ಮೇಲೆ ಅವನ ಕೈಗೆ ಸ್ಲೇಟು ಕೊಟ್ಟರು. ಸನ್ಮಾನ ಪತ್ರದಲ್ಲಿ ದೂರದೃಷ್ಟಿ ಎಂದು ಬರೆಯುವುದಾದರೆ ಬರೆಯತಕ್ಕದ್ದು ಇಂಥವರ ಬಗ್ಗೆ.

ಮುಂದಾಲೋಚನೆ ಈ ಗುಣದ ದಿನಬಳಕೆಯ ರೂಪ. ದೂರದೃಷ್ಟಿ ಎನ್ನುವಾಗ ಹತ್ತಾರು ವರ್ಷಗಳ ಹರವು, ಹಲವರ ಹಿತ ಮನಸ್ಸಿಗೆ ಬರುತ್ತದೆ. ಮುಂದಾಲೋಚನೆಗೆ ಅಷ್ಟು ಗಾತ್ರ ಬೇಕಿಲ್ಲ. ಮೇ ತಿಂಗಳಲ್ಲಿ ಊರಿಗೆ ಹೋಗಲು ಕೊಂಕಣ ರೈಲಿನ ಟಿಕೆಟ್ಟನ್ನು ಬುಕಿಂಗ್ ತೆರೆದ ದಿನವೇ ಮಾಡಿಸಿದವರಿಗೆ ಮುಂದಾಲೋಚನೆಯಿದೆ ಎನ್ನುತ್ತೇವೆ, ದೂರದೃಷ್ಟಿಯಿದೆ ಎಂದರೆ ಮಾತು ದೊಡ್ಡದಾಗುತ್ತದೆ. ದೂರಾಲೋಚನೆ ಎಂಬ ಪದವೂ ಇದೆ; ಆದರೆ ಅದನ್ನು ಬರೆಯುವಾಗ ದೀರ್ಘ ತಪ್ಪಿ ‘ದುರಾಲೋಚನೆ’ ಆದರೆ ಕೆಟ್ಟ ಯೋಚನೆಯೆಂಬ ಅರ್ಥ ಬಂದುಬಿಡುತ್ತದೆ. ಅಂತೆಯೇ ದೀರ್ಘದರ್ಶಿ ಎಂಬುದು ಹೊಗಳಿಕೆ, ದೀರ್ಘಸೂತ್ರಿ ಎಂಬುದು ಎಲ್ಲವನ್ನೂ ನಾಳೆಗೆ ತಳ್ಳುವವನಿಗೆ ಹೇಳುವ ಮಾತು. ಮೂರು ಮೀನುಗಳ ಕಥೆಯ ಮಹಾಭಾರತದ ರೂಪದಲ್ಲಿ ಸಾಯುವ ಮೀನು ಈ ದೀರ್ಘಸೂತ್ರಿಯೇ.

ವಿವೇಕ ಇವೆಲ್ಲಕ್ಕಿಂತ ವಿಶಾಲವಾದದ್ದು. ಒಳಿತು ಕೆಡಕುಗಳನ್ನು, ತಕ್ಕದ್ದು ತಗದ್ದನ್ನು ಬೇರ್ಪಡಿಸಿ ನೋಡುವ ಶಕ್ತಿ. ದೂರದೃಷ್ಟಿಗೆ ವಿವೇಕದ ಹಿಡಿತವಿಲ್ಲದಿದ್ದರೆ ಅದು ಎರಡು ರೀತಿಯಲ್ಲಿ ಕೆಡುತ್ತದೆ. ಒಂದು, ‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು’ ಎಂಬಂತೆ ಇನ್ನೂ ಆಧಾರವೇ ಇಲ್ಲದ್ದರ ಮೇಲೆ ಖರ್ಚು ಮಾಡುವ ಅವಸರ. ಇನ್ನೊಂದು, ಬರಬಹುದಾದ ಕೇಡುಗಳನ್ನೆಲ್ಲ ಎಣಿಸುತ್ತ ಯಾವುದಕ್ಕೂ ಕೈಹಾಕದೆ ಕೊರಗುವ ಚಿಂತೆ. ಇವುಗಳಲ್ಲಿ ಎರಡನೆಯದೇ ಹೆಚ್ಚು ಅಪಾಯದ್ದೆಂದು ನನಗೆ ತೋರುತ್ತದೆ, ಏಕೆಂದರೆ ಚಿಂತಿಸುವವನು ತಾನು ಬಹಳ ಮುಂದೆ ನೋಡುತ್ತಿದ್ದೇನೆಂದೇ ಭಾವಿಸಿರುತ್ತಾನೆ. ಚಿಂತೆ ಎಲ್ಲ ಕೇಡುಗಳನ್ನೂ ಒಂದೇ ಗಾತ್ರದಲ್ಲಿ ಕಾಣುತ್ತದೆ. ಯಾವುದು ಬರುವುದು ಹೆಚ್ಚು ಸಂಭವ, ಯಾವುದಕ್ಕೆ ನಮ್ಮ ಕೈಯಲ್ಲಿ ಪರಿಹಾರವಿದೆ ಎಂದು ಆರಿಸಿಕೊಳ್ಳುವುದು ದೂರದೃಷ್ಟಿ.

ಈಚಿನ ವರ್ಷಗಳ ಒಂದು ದಾಖಲೆಗೆ ಈ ಪದಗಳನ್ನು ಹಚ್ಚಿ ನೋಡಬಹುದು. 2022ರ ಮಾರ್ಚ್‌ನಲ್ಲಿ ಮುಂಬಯಿ ಮಹಾನಗರ ಪಾಲಿಕೆ ನಗರದ ಹವಾಮಾನ ಕ್ರಿಯಾಯೋಜನೆಯನ್ನು ಹೊರತಂದಿತು. ನಗರದಿಂದ ಹೊರಬೀಳುವ ಇಂಗಾಲದ ಲೆಕ್ಕವನ್ನು 2050ರ ಹೊತ್ತಿಗೆ ನಿವ್ವಳ ಶೂನ್ಯಕ್ಕೆ, ಅಂದರೆ ಹೊರಬಿಟ್ಟಷ್ಟು ಮರಳಿ ಹೀರಲ್ಪಡುವ ಮಟ್ಟಕ್ಕೆ, ತರುವ ಗುರಿ ಅದರಲ್ಲಿದೆ. ನೆರೆ, ಬಿಸಿಲಿನ ಬೇಗೆ, ಗಾಳಿಯ ಮಾಲಿನ್ಯ ಮುಂತಾದ ಅಪಾಯಗಳು ನಗರದ ಯಾವ ಭಾಗಕ್ಕೆ ಹೆಚ್ಚು ತಟ್ಟುತ್ತವೆಂಬುದರ ವಿವರಣೆಯೂ ಇದೆ. ಅದನ್ನು ಕುರಿತ ಬರಹಗಳಲ್ಲಿ ‘ದೂರದೃಷ್ಟಿಯ ಯೋಜನೆ’ ಎಂದು ಬರೆಯುವ ಆತುರ ಯಾರಿಗಾದರೂ ಆಗಬಹುದು. ಅದರಲ್ಲಿ ಕಾಣುವ ಕೆಲಸ ನಡೆದಿದೆ, ತೂಗುವ ಕೆಲಸವೂ ಬಹುಮಟ್ಟಿಗೆ ನಡೆದಿದೆ. ವರ್ಷವರ್ಷದ ಬಜೆಟ್ಟಿನಲ್ಲಿ ಅದಕ್ಕೆಂದು ಹಣ ಬಂದು, ನದಿಯ ದಡದಲ್ಲಿ, ಕಡಲಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬದಿಯಲ್ಲಿ, ಹಿಂದ್‌ಮಾತಾದಂತಹ ತಗ್ಗುಗಳಲ್ಲಿ ಕೆಲಸ ಕಾಣಿಸಿಕೊಳ್ಳುವವರೆಗೆ ಅದಕ್ಕೆ ಸಲ್ಲುವ ಪದ ಮುನ್ನೋಟ.